ಪಂದಿಕರಿ ಗಂಜಿಯಾದದ್ದು ಯಾಕೆ? ಐನ್‌ಮನೆ ಗ್ರೂಪಿಗೆ ಚಿಕ್ಕಮ್ಮನ ಉದ್ದದ ಉತ್ತರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಬೆಳಿಗ್ಗೆಯಿಂದ ನೋಡುತ್ತಾ ಇದ್ದೇನೆ, ಗ್ರೂಪಿನಲ್ಲಿ ಒಂದೇ ಜಗಳ. ಕೈಲ್ ಪೊಳ್ದ್ ಹಬ್ಬದ ದಿನ ಐನ್‌ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ಮಾಡಿದ 12 ಕಿಲೋ ಪಂದಿಕರಿ (ಹಂದಿಮಾಂಸದ ಸಾರು) ಗಂಜಿ ಆಯಿತು. ತುಂಡು ಅಂತ ಒಂದೂ ಉಳಿಯಲಿಲ್ಲ. ಜೊತೆಗೆ ಮಾಡಿದ ಅಕ್ಕಿ ಕಡುಬು, ಕಡಂಬುಟ್ಟು, ಮಾತ್ರ ಚೆನ್ನಾಗಿತ್ತಂತೆ. ಅತ್ತಿಗೆ ಹೇಳುತ್ತಾರೆ, ಅಂಗಡಿಯವನು ಹಳೆಯ ಮಾಂಸ ಕೊಟ್ಟ ಅಂತ. ವಿರಾಜಪೇಟೆಯ ತಮ್ಮ ಹೇಳುತ್ತಾನೆ, ಸಾರಿಗೆ ಹಾಕುವ ಕಪ್ಪು ಹುಳಿ ರಸ, ಕಾಚಂಪುಳಿ, ಕೆಟ್ಟಿತ್ತು ಅಂತ. ಇನ್ನೊಬ್ಬರು ಹೆಸರು ಹೇಳದೆ ಅಡುಗೆ ಮಾಡಿದವಳ ಕಡೆಗೇ ಬೆರಳು ತೋರಿಸಿದ್ದಾರೆ. ಆ ಮಗು ಪಾಪ ಬರೆದಿದೆ: "ಮಡಿಕೇರಿ ಮನೆಯಲ್ಲಿ ಮಾಂಸ ಮೆತ್ತಗಾಗಲಿ ಅಂತ ಒಂದು ಕಿಲೋಗೆ ಎಷ್ಟು ಪಪ್ಪಾಯಿಕಾಯಿ ಅರೆದು ಹಚ್ಚುತ್ತೇನೋ ಅದೇ ಲೆಕ್ಕದಲ್ಲಿ ಇಲ್ಲೂ ಹಾಕಿದೆ. ಅಲ್ಲಿ ಯಾವತ್ತೂ ಹೀಗೆ ಆಗಿಲ್ಲ." ಅವಳ ಮಾತು ನಿಜ. ಲೆಕ್ಕದಲ್ಲಿ ತಪ್ಪಿಲ್ಲ. ಅಂಗಡಿಯವನದ್ದೂ ತಪ್ಪಿಲ್ಲ, ಕಾಚಂಪುಳಿಯದ್ದೂ ಇಲ್ಲ. ತಪ್ಪು ಒಲೆಯದ್ದು.

ನಗಬೇಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿದವಳು ನಾನು. ಅದಕ್ಕಿಂತ ಮುಖ್ಯವಾಗಿ, ಒಂದು ಪುತ್ತರಿಗೆ, ಅದೇ ನಮ್ಮ ಸುಗ್ಗಿ ಹಬ್ಬಕ್ಕೆ, ನಾನೂ ಇದೇ ಗಂಜಿ ಮಾಡಿ 40 ಜನಕ್ಕೆ ಬಡಿಸಿದವಳು. ನಿಮ್ಮ ಚಿಕ್ಕಪ್ಪ ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಪಪ್ಪಾಯಿಕಾಯಿ ಗೀರಿದರೆ ಬಿಳಿ ಹಾಲು ಬರುತ್ತದೆ ಅಲ್ವಾ, ಆ ಹಾಲಿನಲ್ಲಿ ಪಪೈನ್ ಅನ್ನುವ ಕಿಣ್ವ, ಅಂದರೆ ಎನ್‌ಜೈಮ್, ಇದೆ. ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ವಸ್ತು ಅದು. ಕಿಣ್ವ ನಮಗೇನು ಹೊಸದಲ್ಲ. ಅರೇಬಿಕಾ ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಲೋಳೆ ಬಿಟ್ಟಿತೋ ಇಲ್ಲವೋ ಅಂತ ಕೈಯಲ್ಲಿ ಉಜ್ಜಿ ನೋಡುತ್ತೀರಲ್ಲ, ಆ ಲೋಳೆ ಬಿಡಿಸುವುದೂ ಕಿಣ್ವಗಳೇ. ಆದರೆ ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಕಾಫಿ ಲೋಳೆ ಪೆಕ್ಟಿನ್, ಅದು ಸಕ್ಕರೆ ಜಾತಿಯದು. ಪಪೈನ್ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಪ್ರೋಟೀನ್ ಮಾತ್ರ.

ಹಾಗಾಗಿ ನಿನ್ನೆ ಯಾರೋ ಫಾರ್ವರ್ಡ್ ಮಾಡಿದ್ದರಲ್ಲ, ಪಪ್ಪಾಯಿ ತಿಂದರೆ ಹೊಟ್ಟೆಯ ಬೊಜ್ಜು ಕರಗುತ್ತದೆ ಅಂತ, ಅದನ್ನು ಡಿಲೀಟ್ ಮಾಡಿ. ಬೊಜ್ಜು ಕೊಬ್ಬು. ಪಪೈನ್ ಕೊಬ್ಬನ್ನು ಕತ್ತರಿಸುವುದಿಲ್ಲ. ಅದೂ ಅಲ್ಲದೆ ಹಣ್ಣಾದ ಮೇಲೆ ಪಪ್ಪಾಯಿಯಲ್ಲಿ ಹಾಲೇ ಇರುವುದಿಲ್ಲ ಅನ್ನುವಷ್ಟು ಕಮ್ಮಿ. ಹಣ್ಣು ತಿನ್ನಿ, ಒಳ್ಳೆಯದೇ. ಬೊಜ್ಜಿನ ಆಸೆ ಬಿಡಿ.

ಈಗ ಪಪೈನ್ ಹೇಗಿದೆ ಅಂತ ಹೇಳುತ್ತೇನೆ, ಇಲ್ಲದಿದ್ದರೆ ಒಲೆಯ ವಿಷಯ ಅರ್ಥ ಆಗುವುದಿಲ್ಲ. ಅದೇ ಒಂದು ಪ್ರೋಟೀನ್. 212 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಅಣುಗಳ, ಸರ. ಅಜ್ಜಿಯ ಜೋಮಾಲೆಯಲ್ಲಿ ಮಣಿ ಪೋಣಿಸಿದ ಹಾಗೆ ಅಂದುಕೊಳ್ಳಿ, ಆದರೆ ಉದ್ದಕ್ಕೆ ನೇತಾಡುತ್ತಿಲ್ಲ, ಉಂಡೆಯಾಗಿ ಮಡಿಸಿಕೊಂಡಿದೆ. ಉಂಡೆಗೆ ಎರಡು ಭಾಗ, ನಡುವೆ ಒಂದು ಸೀಳು. 1968ರಲ್ಲಿ ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ ಯಾನ್ ಡ್ರೆಂತ್ ಮತ್ತು ಅವರ ಜೊತೆಗಾರರು ಎಕ್ಸ್-ರೇಯಲ್ಲಿ ಈ ಆಕಾರ ಕಂಡುಹಿಡಿದರು. ಆ ಸೀಳಿನಲ್ಲೇ ಅಲಗು ಇರುವುದು. 25ನೆಯ ಮಣಿ ಸಿಸ್ಟೀನ್, ಅದರಲ್ಲಿ ಗಂಧಕ ಇದೆ. 159ನೆಯ ಮಣಿ ಹಿಸ್ಟಿಡೀನ್. ಸರದಲ್ಲಿ ಎಲ್ಲಿಯೋ ಇದ್ದ ಎರಡು ಮಣಿ ಮಡಿಕೆಯಿಂದಾಗಿ ಎದುರುಬದುರು ಬಂದು ಕೂತಿವೆ. ಹಿಸ್ಟಿಡೀನ್ ಪಕ್ಕದಲ್ಲಿ ನಿಂತು ಗಂಧಕವನ್ನು ಚುರುಕು ಮಾಡುತ್ತದೆ. ಗಂಧಕ ಹೋಗಿ ಮಾಂಸದ ಪ್ರೋಟೀನಿನ ಮಣಿಗಳ ನಡುವಿನ ಬೆಸುಗೆಗೆ ಕೈ ಹಾಕುತ್ತದೆ. ನೀರಿನ ಒಂದು ಅಣು ಸೇರುತ್ತದೆ, ಬೆಸುಗೆ ಬಿಟ್ಟಿತು. ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ತಾನು ಸವೆಯುವುದಿಲ್ಲ. ಅದಕ್ಕೇ ಚಮಚದಷ್ಟು ಹಾಲು ಅಷ್ಟೊಂದು ಮಾಂಸಕ್ಕೆ ಸಾಕಾಗುವುದು.

ಆ ಗಂಧಕದಿಂದಲೇ ಒಂದು ತೊಂದರೆ ಕೂಡ. ಗಾಳಿ ತಗುಲಿದರೆ ಅದು ಮಂಕಾಗುತ್ತದೆ, ಕೆಲವು ಲೋಹ ತಾಗಿದರೂ ಅಷ್ಟೇ. ಪಪ್ಪಾಯಿ ಹಾಲು ಸಂಗ್ರಹಿಸುವವರು ಕಬ್ಬಿಣದ ಪಾತ್ರೆ ಮುಟ್ಟುವುದಿಲ್ಲ, ಗಾಜು ಇಲ್ಲವೇ ಪ್ಲಾಸ್ಟಿಕ್ ಇಡುತ್ತಾರೆ.

ಮರ ತನ್ನ ಮೈಯಲ್ಲಿ ಇಂಥದ್ದನ್ನು ಇಟ್ಟುಕೊಂಡು ತಾನೇ ಕರಗಿ ಹೋಗುವುದಿಲ್ಲವಾ ಅಂತ ಬೆಂಗಳೂರಿನ ಮೊಮ್ಮಗ ಕೇಳಿದ್ದಾನೆ. ಒಳ್ಳೆ ಪ್ರಶ್ನೆ. ನಮ್ಮ ಪೀಚೆಕತ್ತಿ ಹೇಗೆ ಒರೆಯೊಳಗೆ ಸೊಂಟದಲ್ಲಿ ಇರುತ್ತದೋ ಹಾಗೆ. ಮರದೊಳಗೆ ಪಪೈನ್ ಹುಟ್ಟುವಾಗಲೇ ಸರದ ಮುಂದೆ ಇನ್ನೊಂದು ತುಂಡು ಅಂಟಿಕೊಂಡಿರುತ್ತದೆ. ಆ ತುಂಡು ಬಂದು ಸೀಳನ್ನು ಮುಚ್ಚಿಬಿಡುತ್ತದೆ. ಕಾಯಿ ಗೀರಿ ಹಾಲು ಹೊರಗೆ ಬಂದ ಕೆಲವೇ ನಿಮಿಷದಲ್ಲಿ ಆ ಒರೆ ಕಳಚುತ್ತದೆ. ಯಾರ ಮೇಲೆ ಕತ್ತಿ ಅಂದರೆ ಹುಳುಗಳ ಮೇಲೆ. 2004ರಲ್ಲಿ ಜಪಾನಿನವರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಎರಿ ರೇಷ್ಮೆ ಹುಳಕ್ಕೆ ಪಪ್ಪಾಯಿ ಎಲೆ ಹಾಕಿದರು, ಹುಳ ಸತ್ತವು. ಅದೇ ಎಲೆಯನ್ನು ಸಣ್ಣಗೆ ಸೀಳಿ, ಹಾಲು ಹೋಗುವ ಹಾಗೆ ತೊಳೆದು ಹಾಕಿದರು. ಹುಳ ಆರಾಮಾಗಿ ತಿಂದು ಬೆಳೆದವು. ಕೈಲ್ ಪೊಳ್ದ್ ಆಯುಧದ ಹಬ್ಬ, ನೀವು ಅವತ್ತೇ ಪಪ್ಪಾಯಿ ಮರದ ಆಯುಧವನ್ನೂ ಒರೆಯಿಂದ ತೆಗೆದಿರಿ, ಅಷ್ಟೇ ಆದದ್ದು.

ಸರಿ, ಈಗ ಒಲೆಗೆ ಬರೋಣ.

ಎಲ್ಲರೂ ಅಂದುಕೊಂಡಿರುವುದು ಏನು? ಪಪ್ಪಾಯಿ ಹಚ್ಚಿ ಇಟ್ಟಿರುತ್ತೇವಲ್ಲ, ಆಗ ಮಾಂಸ ಮೆತ್ತಗಾಗುತ್ತದೆ ಅಂತ. ಹೌದು, ಆದರೆ ಸ್ವಲ್ಪವೇ. ಅದಕ್ಕೆ ಎರಡು ಕಾರಣ. ಒಂದು, ಪಪೈನ್ ದೊಡ್ಡ ಅಣು, ತುಂಡಿನ ಒಳಗೆ ಬೇಗ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂತಿರುತ್ತದೆ. ಎರಡು, ತಣ್ಣಗಿದ್ದರೆ ಅದಕ್ಕೆ ಸೋಮಾರಿತನ. ಮಳೆಗಾಲದಲ್ಲಿ ನಮ್ಮ ಐನ್‌ಮನೆಯ ಅಡುಗೆಮನೆಗೂ ಫ್ರಿಜ್ಜಿಗೂ ದೊಡ್ಡ ವ್ಯತ್ಯಾಸ ಇಲ್ಲ, ಅದು ನಿಮಗೇ ಗೊತ್ತು. ಅದರ ನಿಜವಾದ ಆಟ ಶುರು ಆಗುವುದು ಪಾತ್ರೆ ಬಿಸಿಯಾಗುವಾಗ. ಸುಮಾರು 50 ಡಿಗ್ರಿಯಿಂದ 70 ಡಿಗ್ರಿವರೆಗೆ ಅದು ಭಾರೀ ಚುರುಕು. ಬೇರೆ ಎಷ್ಟೋ ಕಿಣ್ವಗಳು ಆ ಬಿಸಿಗೆ ಸತ್ತೇ ಹೋಗುತ್ತವೆ, ಇದು ಗಟ್ಟಿ ಜೀವ. ಅದೇ ಹೊತ್ತಿಗೆ ಮಾಂಸದ ಪ್ರೋಟೀನ್ ಬಿಸಿಗೆ ಮಡಿಕೆ ಬಿಚ್ಚಿಕೊಳ್ಳುತ್ತಾ ಇರುತ್ತದೆ. ಕತ್ತಿ ಚುರುಕಾಗುವ ಹೊತ್ತಿಗೇ ಬಾಗಿಲು ತೆರೆಯಿತು ಅಂದ ಹಾಗೆ. 80 ದಾಟಿ ಕುದಿಯತೊಡಗಿದರೆ ಪಪೈನ್ ಕೂಡ ಮಡಿಕೆ ಬಿಚ್ಚಿ ಕೆಲಸ ನಿಲ್ಲಿಸುತ್ತದೆ.

ಈಗ ನೋಡಿ. ಮಡಿಕೇರಿಯಲ್ಲಿ ಒಂದು ಕಿಲೋ, ಗ್ಯಾಸ್, ಕುಕ್ಕರ್. ಆ 50ರಿಂದ 80ರ ದಾರಿಯನ್ನು ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತದೆ. ಐನ್‌ಮನೆಯಲ್ಲಿ 12 ಕಿಲೋ, ದೊಡ್ಡ ಪಾತ್ರೆ, ಮಳೆಯಲ್ಲಿ ನೆನೆದ ಸಿಲ್ವರ್ ಓಕ್ ಸೌದೆ, ಉರಿಗಿಂತ ಹೊಗೆ ಜಾಸ್ತಿ. ಅವಳೇ ಬರೆದಿದ್ದಾಳೆ, ಕುದಿ ಬರಲು ಒಂದೂವರೆ ಗಂಟೆ ಹಿಡಿಯಿತು ಅಂತ. ಅಷ್ಟು ಹೊತ್ತು ಪಪೈನ್‌ಗೆ ಹಬ್ಬ. ಪಂದಿಕರಿಗೆ ತುಂಡು ಬೇರೆ ಸಣ್ಣಗೆ ಹೆಚ್ಚುತ್ತೇವೆ. ತುಂಡು ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ಎಲ್ಲ ಕಡೆಯಿಂದ ಕತ್ತರಿ. ಗಂಜಿ ಆಗದೆ ಇನ್ನೇನು ಆಗುತ್ತದೆ? ನನ್ನ ಪುತ್ತರಿ ಗಂಜಿಯೂ ಸೌದೆ ಒಲೆಯದ್ದೇ. ಅವತ್ತು ನಾನೂ ಅಂಗಡಿಯವನನ್ನೇ ಬೈದಿದ್ದೆ.

ಕಾಚಂಪುಳಿ ಯಾಕೆ ನಿರಪರಾಧಿ ಅಂದರೆ, ಅದನ್ನು ಹಾಕುವುದೇ ಕೊನೆಯಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಪಪ್ಪಾಯಿ ಹಾಕಿದರೆ ಕಾಚಂಪುಳಿ ಬೇಡವಾ ಅಂತ ಒಬ್ಬರು ಕೇಳಿದ್ದಾರೆ. ದಯವಿಟ್ಟು ಆ ಮಾತು ಅಜ್ಜಿಯ ಕಿವಿಗೆ ಬೀಳದಿರಲಿ. ಕಾಚಂಪುಳಿ ಹುಳಿಗೆ, ಬಣ್ಣಕ್ಕೆ, ಕೆಡದಂತೆ ಇರಲಿಕ್ಕೆ. ಅದರ ಕೆಲಸವೇ ಬೇರೆ.

ಇಲ್ಲಿ ಒಂದು ಕಥೆ ಹೇಳದೆ ಇರಲು ಆಗುತ್ತಿಲ್ಲ, ಪಾಠ ಮಾಡುವಾಗ ನನಗೆ ತುಂಬಾ ಇಷ್ಟದ್ದು. ಮಡಿಕೆ ಬಿಚ್ಚಿದ ಪ್ರೋಟೀನನ್ನು ಪಪೈನ್ ಸಿಕ್ಕ ಸಿಕ್ಕ ಕಡೆ ಕಡಿಯುತ್ತದೆ, ಗಂಜಿ. ಆದರೆ ಬಿಗಿಯಾಗಿ ಮಡಿಸಿದ ಪ್ರೋಟೀನಿನ ಒಳಗೆ ಅದಕ್ಕೆ ಸುಲಭದಲ್ಲಿ ದಾರಿ ಸಿಗುವುದಿಲ್ಲ. ಎಲ್ಲಿ ಸಡಿಲ ಇದೆಯೋ ಅಲ್ಲಿ ಮಾತ್ರ ಕಡಿಯುತ್ತದೆ. ನಮ್ಮ ರಕ್ತದಲ್ಲಿ ಆಂಟಿಬಾಡಿ ಇರುತ್ತದಲ್ಲ, ರೋಗಾಣುವನ್ನು ಹಿಡಿದುಕೊಳ್ಳುವಂಥದ್ದು, ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. 1950ರ ದಶಕದಲ್ಲಿ ಅದು ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ತುಂಬಾ ದೊಡ್ಡ ಅಣು. ಇಂಗ್ಲೆಂಡಿನ ರಾಡ್ನಿ ಪೋರ್ಟರ್ ಮೊಲದ ಆಂಟಿಬಾಡಿಗೆ ಪಪೈನ್ ಹಾಕಿದರು. ಅದು ಪುಡಿ ಆಗಲಿಲ್ಲ. ಅಚ್ಚುಕಟ್ಟಾಗಿ ಮೂರು ತುಂಡಾಯಿತು. ಎರಡು ತುಂಡು ಒಂದೇ ಥರ, ರೋಗದ ವಸ್ತುವನ್ನು ಹಿಡಿದುಕೊಳ್ಳುವಂಥವು. ಮೂರನೆಯದು ಹಿಡಿಯುವುದಿಲ್ಲ, ಹರಳುಗಟ್ಟುತ್ತದೆ. ಅಂದರೆ ಆಂಟಿಬಾಡಿಗೆ ಎರಡು ಕೈ, ಒಂದು ಕಾಂಡ. ನಡುವೆ ಬಾಗಿಲ ತಿರುಗಣಿಯಂತೆ ಸಡಿಲ ಜಾಗ. ಪಪೈನ್ ಅಲ್ಲೇ ಕಡಿದಿತ್ತು. 1959ರಲ್ಲಿ ಅವರು ಇದನ್ನು ಪ್ರಕಟಿಸಿದರು, 1972ರಲ್ಲಿ ಜೆರಾಲ್ಡ್ ಎಡೆಲ್ಮನ್ ಜೊತೆಗೆ ನೊಬೆಲ್ ಬಂತು. ನಮ್ಮ ಹಿತ್ತಲಿನ ಪಪ್ಪಾಯಿ ಹಾಲು! ಅದೇ ಕತ್ತಿ, ಅವರ ಕೈಯಲ್ಲಿ ಮೂರು ತುಂಡು, ನಮ್ಮ ಕೈಯಲ್ಲಿ ಗಂಜಿ.

ಅಮೆರಿಕದಲ್ಲಿ ಲೂಯಿಸ್ ಥಾಮಸ್ ಅನ್ನುವ ಡಾಕ್ಟರ್ ಮೊಲಕ್ಕೆ ಪಪೈನ್ ಚುಚ್ಚಿದಾಗ ನೆಟ್ಟಗಿದ್ದ ಕಿವಿ ಜೋತುಬಿದ್ದಿತಂತೆ. ಕಿವಿಯನ್ನು ನೆಟ್ಟಗಿಡುವ ಮೆತ್ತನೆ ಎಲುಬು (ಮೃದ್ವಸ್ಥಿ) ಸಡಿಲವಾಗಿತ್ತು. ಕೆಲವು ದಿನದಲ್ಲಿ ಮತ್ತೆ ನಿಂತುಕೊಂಡವು. ಪಪೈನಿನ ದಾಯಾದಿ ಒಂದಿದೆ, ಕೈಮೊಪಪೈನ್, ಅದೂ ಅದೇ ಹಾಲಿನಲ್ಲಿರುತ್ತದೆ. ಅದನ್ನು ಸೊಂಟದ ಡಿಸ್ಕ್ ಜಾರಿದವರಿಗೆ ಚುಚ್ಚುತ್ತಿದ್ದರು. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಕೆಲವರಿಗೆ ಜೋರು ಅಲರ್ಜಿ ಆಗಿ, ನರದ ತೊಂದರೆಯೂ ಕಂಡು, ಆಮೇಲೆ ಅಲ್ಲಿ ನಿಂತೇ ಹೋಯಿತು. ಸೊಂಟನೋವಿನ ಅಣ್ಣಂದಿರು ಹಿತ್ತಲಿನ ಮರ ನೋಡಬೇಡಿ, ಅಷ್ಟೇ ಹೇಳುವುದು.

ಹಾಗೆಯೇ ಗಂಟಲಲ್ಲಿ ಮಾಂಸ ಸಿಕ್ಕಿಕೊಂಡರೆ ಪಪ್ಪಾಯಿ ರಸ ಕುಡಿಸಿ ಅಂತ ಒಂದು ಸಲಹೆ ಓಡಾಡುತ್ತಿದೆ. ಬೇಡವೇ ಬೇಡ. ಪಪೈನ್‌ಗೆ ಹಂದಿ ಯಾವುದು, ನಿಮ್ಮ ಅನ್ನನಾಳ ಯಾವುದು ಗೊತ್ತಾಗುವುದಿಲ್ಲ. ಹಿಂದೆ ಡಾಕ್ಟರುಗಳೇ ಹಾಗೆ ಮಾಡಲು ಹೋಗಿ ಅನ್ನನಾಳ ತೂತಾದದ್ದಿದೆ. ಸೀದಾ ಆಸ್ಪತ್ರೆಗೆ ಹೋಗಿ. ಬಸುರಿ ಸೊಸೆ ಕೇಳಿದ್ದಕ್ಕೆ: ಹಾಲು ಬರುವ ಕಾಯಿ ಈಗ ಬೇಡ, ಚೆನ್ನಾಗಿ ಕಳಿತ ಹಣ್ಣಿಗೆ ಹೆದರಬೇಕಿಲ್ಲ, ಆದರೂ ನಿನ್ನ ಡಾಕ್ಟರನ್ನು ಒಂದು ಮಾತು ಕೇಳು. ಕಾಯಿ ಹೆಚ್ಚುವವರು ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಬೆಂಗಳೂರಿನ ಮೊಮ್ಮಗನಿಗೆ ಒಂದು ಆಟ. ಅಂಗಡಿಯಿಂದ ಜೆಲಾಟಿನ್ ತಾ. ಬಿಸಿನೀರಿಗೆ ಕದಡಿ ಎರಡು ಬಟ್ಟಲಿಗೆ ಹಾಕು, ಉಗುರುಬೆಚ್ಚಗಾಗಲಿ. ಒಂದಕ್ಕೆ ಹಸಿ ಪಪ್ಪಾಯಿಕಾಯಿ ರಸ, ಇನ್ನೊಂದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ರಸ. ಫ್ರಿಜ್ಜಿನಲ್ಲಿಡು. ಒಂದು ಗಟ್ಟಿಯಾಗುತ್ತದೆ, ಒಂದು ನೀರಾಗಿಯೇ ಇರುತ್ತದೆ. ಯಾವುದು ಅಂತ ನೀನೇ ಗ್ರೂಪಿಗೆ ಬರೆ. ಚೈನಾ ಗ್ರಾಸ್ ತಗೊಳ್ಳಬೇಡ, ಅದು ಪ್ರೋಟೀನ್ ಅಲ್ಲ, ಎರಡೂ ಗಟ್ಟಿಯಾಗಿಬಿಡುತ್ತದೆ. ಅನಾನಸ್ ಹಾಕಿದ ಜೆಲ್ಲಿ ಗಟ್ಟಿಯಾಗಲಿಲ್ಲ ಅಂತ ನಿಮ್ಮಮ್ಮ ಅತ್ತಿದ್ದು ನೆನಪಿದೆಯಾ? ಅದು ಬ್ರೊಮೆಲೈನ್ ಕೆಲಸ, ಪಪೈನಿನದ್ದೇ ಕುಟುಂಬ.

ಇನ್ನು ಮುಂದಿನ ಅಡುಗೆಗೆ. ನನ್ನ ಕೇಳಿದರೆ ಪಂದಿಕರಿಗೆ ಪಪ್ಪಾಯಿ ಬೇಡವೇ ಬೇಡ. ಹಂದಿಯ ತೊಗಲು ಮೆತ್ತಗಾಗಬೇಕಾದರೆ ನಿಧಾನ ಬೇಯಬೇಕು. ಪಪ್ಪಾಯಿ ಹಾಕಿದರೆ ತೊಗಲು ಹದಕ್ಕೆ ಬರುವ ಮೊದಲೇ ಮಾಂಸ ಕರಗಿರುತ್ತದೆ. ಬಲಿತ ಕೋಳಿ, ಮುದಿ ಕುರಿ ಆದರೆ ಹಾಕಿ. ಕಿಲೋಗೆ ಒಂದು ಚಮಚ, ಅರ್ಧ ಗಂಟೆ, ಅಷ್ಟೇ. ದೊಡ್ಡ ಪಾತ್ರೆಯಾದರೆ ಎಲ್ಲವನ್ನೂ ಒಟ್ಟಿಗೆ ತಣ್ಣಗೆ ಸುರಿದು ಒಲೆಗೆ ಇಡಬೇಡಿ. ಮೊದಲು ಪಾತ್ರೆ ಚೆನ್ನಾಗಿ ಕಾಯಲಿ, ಸ್ವಲ್ಪ ಸ್ವಲ್ಪವಾಗಿ ಹಾಕಿ ಹುರಿಯಿರಿ, ಆಮೇಲೆ ಕುದಿಯುವ ನೀರೇ ಹಾಕಿ. ಒಣಸೌದೆ ಮೊದಲೇ ತೆಗೆದಿಡಿ.

ಉಳಿದ ಗಂಜಿ ಮತ್ತೆ ಬಿಸಿ ಮಾಡಿದರೆ ಇನ್ನೂ ಕರಗುತ್ತದಾ ಅಂತ ಅತ್ತಿಗೆ ಕೇಳಿದ್ದಾರೆ. ಇಲ್ಲ ಅತ್ತಿಗೆ, ಒಮ್ಮೆ ಚೆನ್ನಾಗಿ ಕುದಿದ ಮೇಲೆ ಪಪೈನ್ ಕಥೆ ಮುಗಿಯಿತು. ಎಸೆಯಬೇಡಿ. ನೀರು ಇಂಗುವವರೆಗೆ ಹುರಿದು, ಕಾಳುಮೆಣಸು ಜಾಸ್ತಿ ಹಾಕಿ, ಅಕ್ಕಿರೊಟ್ಟಿಗೆ ಸವರಿಕೊಂಡು ತಿನ್ನಿ. ನಮ್ಮ ಪುತ್ತರಿ ಗಂಜಿ ಹಾಗೆಯೇ ಎರಡು ದಿನದಲ್ಲಿ ಖಾಲಿ ಆಗಿತ್ತು. ಅಂಗಡಿಯವನಿಗೆ ಫೋನ್ ಮಾಡಿ ಬೈದವರು ಯಾರು? ಇವತ್ತೇ ಇನ್ನೊಂದು ಫೋನ್ ಮಾಡಿ.