ನೀರಿನ ಮೇಲೆ ‘ಭೂಸ್ಪರ್ಶ’ ಆದೀತೇ? ಇಳಿ, ಮುಟ್ಟು, ತಾಗು

ಪ್ರಶ್ನೆ: 1943ರ ಫೆಬ್ರವರಿ 22ರ ಮುಸ್ಸಂಜೆ ಲಿಸ್ಬನ್ನಿನ ಟೇಗಸ್ ನದಿಯಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ನೀರಿನ ಮೇಲೆ ಇಳಿಯುವ ‘ಯಾಂಕೀ ಕ್ಲಿಪ್ಪರ್’ ವಿಮಾನ ಅಪಘಾತಕ್ಕೀಡಾಯಿತು. ಅದರಲ್ಲಿದ್ದ 39 ಜನರಲ್ಲಿ 24 ಮಂದಿ ತೀರಿಕೊಂಡರು. ಇದನ್ನು ‘ಭೂಸ್ಪರ್ಶದ ವೇಳೆ ನದಿಗೆ ಬಿದ್ದ ಸೀಪ್ಲೇನ್’ ಎಂದು ಬರೆಯಬಹುದೇ? ‘ಜಲಸ್ಪರ್ಶ’ ಎಂದರೆ ಸರಿಹೋಗುತ್ತದೆಯೇ?

ಉತ್ತರ: ಎರಡೂ ಬೇಡ. ಆ ವಿಮಾನ ಇಳಿಯಬೇಕಾಗಿದ್ದದ್ದೇ ನದಿಯ ಮೇಲೆ. ‘ನದಿಗೆ ಬಿದ್ದ’ ಎಂದರೆ ನೆಲದ ಮೇಲೆ ಇಳಿಯಬೇಕಾದದ್ದು ದಾರಿ ತಪ್ಪಿ ನೀರು ಪಾಲಾಯಿತು ಎಂದು ಓದುಗರು ತಿಳಿಯುತ್ತಾರೆ. ‘ಜಲಸ್ಪರ್ಶ’ ಎಂದೊಡನೆ ತೀರ್ಥ, ಸ್ನಾನ ನೆನಪಾಗುತ್ತವೆಯೇ ಹೊರತು ವಿಮಾನವಲ್ಲ.

ನಮ್ಮ ‘ಇಳಿ’ ಇರುವಾಗ ಹೊಸ ಪದವೇ ಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕ್ಯಾಟಲಿನಾ ಎಂಬ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ‘ಕೆರೆಯ ಮೇಲೆ ಭೂಸ್ಪರ್ಶ ಮಾಡುತ್ತಿದ್ದವು’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ವಿಭಕ್ತಿಯ ಕಡೆ ಮಾತ್ರ ಗಮನವಿರಲಿ: ಕೆರೆಗೆ ಇಳಿಯುವುದು ಈಜುವವರು, ಎಮ್ಮೆಗಳು, ವಿಮಾನ ಕೆರೆಯ ಮೇಲೆ ಇಳಿಯುತ್ತದೆ.

ಆದರೆ ‘ಇಳಿ’ಯಲ್ಲೂ ಒಂದು ತೊಡಕಿದೆ. ಎತ್ತರ ಕಳೆದುಕೊಂಡು ಬರುವುದೂ ಇಳಿಯುವುದೇ, ಬಂದು ನೀರಿನ ಮೇಲೆ ಕೂರುವುದೂ ಇಳಿಯುವುದೇ. ಲಿಸ್ಬನ್ನಿನ ಅಪಘಾತದಲ್ಲಿ ಈ ವ್ಯತ್ಯಾಸವೇ ಮುಖ್ಯ. ವಿಮಾನ ಇನ್ನೂ ನೀರಿನ ಮೇಲೆ ಕೂರುವ ಹಂತಕ್ಕೆ ಬಂದಿರಲಿಲ್ಲ. ಅದಕ್ಕೆ ಮುಂಚೆ, ಎತ್ತರ ಇಳಿಸುತ್ತಾ ತಿರುಗುವಾಗ, ಎಡ ರೆಕ್ಕೆಯ ತುದಿ ನೀರಿಗೆ ತಾಗಿತು. ಯಾಂಕೀ ಕ್ಲಿಪ್ಪರ್ ಬೋಯಿಂಗ್ 314 ಮಾದರಿಯದು, ಅದರ ರೆಕ್ಕೆ ತುದಿಯಿಂದ ತುದಿಗೆ 46 ಮೀಟರ್. ಇಷ್ಟು ಉದ್ದದ ರೆಕ್ಕೆ 30 ಡಿಗ್ರಿ ವಾಲಿದರೆ ಅದರ ತುದಿ ನಡುಭಾಗಕ್ಕಿಂತ ಹನ್ನೊಂದೂವರೆ ಮೀಟರ್ ಕೆಳಗಿರುತ್ತದೆ. ಬೆಳಕು ಕುಂದಿದ ಹೊತ್ತಿನಲ್ಲಿ ನೀರು ಎಷ್ಟು ಕೆಳಗಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಬಹಳ ಕಷ್ಟ. ಹೀಗಾಗಿ ‘ಇಳಿಯಲೆಂದು ತಿರುಗುತ್ತಿದ್ದಾಗ’ ಎಂದು ಬರೆಯಿರಿ, ‘ಇಳಿದಾಗ’ ಅಲ್ಲ.

‘ತಾಗು’ ಎಂಬುದನ್ನು ಬೇಕೆಂದೇ ಬಳಸಿದ್ದೇನೆ. ಮುಟ್ಟುವುದರಲ್ಲಿ ಉದ್ದೇಶ ಇರಬಹುದು, ಗುರಿ ಸೇರಿದ ಅರ್ಥವೂ ಇದೆ: ದೋಣಿ ದಡ ಮುಟ್ಟಿತು. ತಾಗುವುದು ನಾವು ಬಯಸದೆ ಆಗುವಂಥದ್ದು: ಕಾಲಿಗೆ ಕಲ್ಲು ತಾಗಿತು. ಅಮೆರಿಕದ ತನಿಖೆ ಕಂಡುಕೊಂಡ ಕಾರಣವೂ ಇದೇ, ಅರಿವಿಲ್ಲದೆ ರೆಕ್ಕೆ ನೀರಿಗೆ ತಾಗಿದ್ದು. ‘ಉದ್ದೇಶಪೂರ್ವಕವಲ್ಲದ ಸಂಪರ್ಕ’ ಎಂದು ಎಳೆದು ಬರೆಯಬೇಕಾದದ್ದನ್ನು ಈ ಒಂದು ಕ್ರಿಯಾಪದ ಹೇಳಿಬಿಡುತ್ತದೆ.

ಇನ್ನು ಹೆಸರು. ಸೀಪ್ಲೇನ್ ಎನ್ನಬಹುದು, ತಪ್ಪಿಲ್ಲ. ಆದರೆ ಕ್ಲಿಪ್ಪರಿಗೆ ‘ಹಾರುದೋಣಿ’ ಹೆಚ್ಚು ನಿಖರ, ಅದರ ಒಡಲೇ ದೋಣಿ. ನೀರಿನ ಮೇಲೆ ವಾಲದಿರಲು ಒಡಲಿನ ಇಬ್ಬದಿಯಲ್ಲಿ ಗಿಡ್ಡ ರೆಕ್ಕೆಯಂಥ ಆನಿಕೆಗಳಿದ್ದವು. ಇವನ್ನು ‘ಮೋಟುರೆಕ್ಕೆ’ ಎನ್ನೋಣ. ಕೆಳಗೆ ತೇಲಲು ಎರಡು ಫ್ಲೋಟ್ (ದೋಣಿಯಂಥ ತೇಲುಗ) ಕಟ್ಟಿಕೊಂಡ ಸಣ್ಣ ವಿಮಾನಗಳಾದ ಬೀವರ್, ಆಟರ್‌ಗಳ ಒಡಲು ನೀರು ಮುಟ್ಟುವುದಿಲ್ಲ, ಅವನ್ನು ಹಾರುದೋಣಿ ಎನ್ನಬಾರದು. ಅವು ಇಳಿಯುವಾಗ ಮೂತಿ ಸ್ವಲ್ಪ ಮೇಲಿದ್ದು, ಫ್ಲೋಟಿನ ತಳದಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ ಜಾಗದ ಆಸುಪಾಸು ಮೊದಲು ನೀರು ಮುಟ್ಟಬೇಕು. ಫ್ಲೋಟಿನ ಮೂತಿಯೇ ಮೊದಲು ಹೊಕ್ಕರೆ ನೀರು ಹಿಡಿದೆಳೆದು ವಿಮಾನ ಮಗುಚುತ್ತದೆ. ಇದಕ್ಕೆ ‘ಮೂತಿ ಹೂತು ಮಗುಚಿತು’ ಎನ್ನುವುದೇ ಸರಿ, ‘ಪತನ’ ಅಲ್ಲ. ಅಲೆಯಿಲ್ಲದ ‘ಕನ್ನಡಿ ನೀರು’ ಕೂಡ ಅಪಾಯವೇ. ಎತ್ತರ ತಿಳಿಯದ ಕಾರಣ ಪೈಲಟ್‌ಗಳು ದಡದ ಹತ್ತಿರ, ಮೂತಿ ಎತ್ತಿಟ್ಟು, ಎಂಜಿನ್ ಬಲದಲ್ಲೇ ನಿಮಿಷಕ್ಕೆ 150 ಅಡಿ ಮೀರದಂತೆ ಇಳಿಸುತ್ತಾರೆ.

2009ರಲ್ಲಿ ಹಡ್ಸನ್ ನದಿಯ ಮೇಲೆ ಇಳಿದ ಏರ್‌ಬಸ್ಸಿನದು ಬೇರೆಯೇ ಸಂಗತಿ. ಅದು ನೆಲದ ವಿಮಾನ, ಎಂಜಿನ್ನುಗಳು ಕೈಕೊಟ್ಟಿದ್ದರಿಂದ ಬೇರೆ ದಾರಿಯಿರಲಿಲ್ಲ. ಅಲ್ಲಿ ‘ತುರ್ತಾಗಿ ನೀರಿನ ಮೇಲೆ ಇಳಿಸಿದರು’ ಎನ್ನಿ. ಕ್ಲಿಪ್ಪರಿನ ವಿಷಯದಲ್ಲಿ ‘ತುರ್ತು’ ಬರಕೂಡದು.

ನಿಮ್ಮ ವಾಕ್ಯ ಹೀಗಿರಲಿ: ‘ನದಿಯ ಮೇಲೆ ಇಳಿಯಲೆಂದು ತಿರುಗುತ್ತಿದ್ದ ಹಾರುದೋಣಿಯ ರೆಕ್ಕೆ ನೀರಿಗೆ ತಾಗಿ 24 ಮಂದಿ ಸತ್ತರು.’