ಘಾಟಿಯಲ್ಲಿ ಓಡಿಸಲು ಖುಷಿ ಕೊಡಬೇಕು, ಹಿಂದೆ ಎರಡು ಮಕ್ಕಳ ಸೀಟು ಹಿಡಿಸಬೇಕು: ಯಾವ ಕಾರು?

ಬೇಲೂರು ದಾರಿಯವಳು (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ: "ಮಕ್ಕಳಾದ ಮೇಲೆ ಇನ್ನೆಂಥ ಸ್ಪೋರ್ಟಿ ಕಾರು" ಎನ್ನುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಮತ್ತೊಬ್ಬರು ಬೇಡ.

ಬೇಲೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ದಿನವೂ ಚಿಕ್ಕಮಗಳೂರಿನಿಂದ ಕಾರಿನಲ್ಲೇ ಹೋಗಿ ಬರುತ್ತೇನೆ. ಶನಿವಾರ ಬಂತೆಂದರೆ ಆಲ್ದೂರು ದಾಟಿ ಅತ್ತೆ ಮಾವನ ತೋಟಕ್ಕೆ. ಟಾರು ರಸ್ತೆ ಮುಗಿದ ಮೇಲೆ ತೋಟದೊಳಗಿನ ದಾರಿ ಹೇಗಿದೆ ಎಂದರೆ, ನಡುವೆ ಹುಲ್ಲು ಬೆಳೆದ ದಿಬ್ಬ, ಎರಡೂ ಕಡೆ ಟ್ರ್ಯಾಕ್ಟರ್ ಚಕ್ರ ಕೊರೆದ ಹಳ್ಳ, ಜೂನ್ ಬಂದರೆ ಪೂರ್ತಿ ಕೆಂಪು ಜಾರು. ಈಗಿರುವ ಹಳೆಯ ಹ್ಯಾಚ್‌ಬ್ಯಾಕ್ ಎಲ್ಲರೂ ಕುಳಿತರೆ ಆ ದಿಬ್ಬಕ್ಕೆ ಅಡಿ ತಾಗಿಸುತ್ತದೆ. ಕಾಫಿ ಕಣದ ಪಕ್ಕದ ಏರಿನಲ್ಲಿ ಮೊದಲ ಗೇರಿಗೆ ಇಳಿದರೂ ಒದ್ದಾಡುತ್ತದೆ.

ಕಾರಿನಲ್ಲಿ ಕೂರುವವರು ಯಾರು ಎಂದರೆ: ಮೂರು ವರ್ಷದ ಮಗಳು, ಅವಳಿಗೆ ನಾಲ್ಕನೇ ತಿರುವಿಗೆ ವಾಂತಿ, ಎಂಟು ತಿಂಗಳ ಮಗ, ಮೊಣಕಾಲು ನೋವಿನ ಮಾವ, ಅವರಿಗೆ ಮುಂದಿನ ಸೀಟೇ ಆಗಬೇಕು, ಹಿಂದೆ ಎಲ್ಲಿ ಬೇಕಾದರೂ ತೂರಿಕೊಳ್ಳುವ ನಮ್ಮವರು. ನಮ್ಮವರಿಗೆ ಕಾರು ಓಡಿಸುವುದು ಇಷ್ಟವಿಲ್ಲ. ಪಕ್ಕದಲ್ಲಿ ಕುಳಿತು ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ತುಳಿಯುವುದು ಮಾತ್ರ ಚೆನ್ನಾಗಿ ಬರುತ್ತದೆ.

ನನ್ನ ಕಥೆ ಬೇರೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಜಿಲ್ಲೆಯ ತೋಟದ ದಾರಿಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಬೇಲಿಯ ಈಚೆ ನಿಂತು ರ‍್ಯಾಲಿ ಚಾಲಕ ಗೌರವ್ ಗಿಲ್ ಅವರ ಸ್ಕೋಡಾ ಫ್ಯಾಬಿಯಾ ಕಾರು ಧೂಳೆಬ್ಬಿಸಿಕೊಂಡು ಅಡ್ಡಡ್ಡ ಹೋಗುವುದನ್ನು ನೋಡಿದವಳು ನಾನು. ಅಂಥ ಓಟ ನನಗೆ ಬೇಡ. ಆದರೆ ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಏನನ್ನಾದರೂ ಹೇಳಬೇಕು, ಕಾಲು ಒತ್ತಿದರೆ ಎಂಜಿನ್ ಓಗೊಡಬೇಕು. ಮುಂದಿನ ಹತ್ತು ವರ್ಷ ಇದೇ ಕಾರು ಓಡಿಸಬೇಕಾದ್ದರಿಂದ ಇದು ದೊಡ್ಡ ಆಸೆಯೇನಲ್ಲ.

ಆನ್‌ರೋಡ್ 14 ಲಕ್ಷದೊಳಗೆ ಮುಗಿಯಬೇಕು. ಮನಸ್ಸಿನಲ್ಲಿರುವುದು ಹ್ಯುಂಡೈ ಐ20 ಎನ್ ಲೈನ್, ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೊಲೊ ಟಿಎಸ್‌ಐ, ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡರೆ ಅದೇ ಕಂಪನಿಯ ಸೆಡಾನ್ ವರ್ಟಸ್. ಎತ್ತರದ ಎಸ್‌ಯುವಿ ಒಂದನ್ನೂ ಪಟ್ಟಿಗೆ ಸೇರಿಸಿಲ್ಲ, ಬೇಕೆಂದೇ. ಹೇಳಿ.

ಡೀಸೆಲ್ ಪ್ರಿಯ (ಅರಸೀಕೆರೆ):

ಮೇಡಂ, ಇಷ್ಟು ಯೋಚನೆ ಯಾಕೆ? ಟಾಟಾ ನೆಕ್ಸಾನ್ ಡೀಸೆಲ್ ತೆಗೆದುಕೊಳ್ಳಿ. 208 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ನಡುವಿನ ಅಂತರ) ಇದೆ, ನಿಮ್ಮ ದಿಬ್ಬ ಗೊತ್ತೇ ಆಗುವುದಿಲ್ಲ. ನಿಮ್ಮ ಪಟ್ಟಿಯ ಟರ್ಬೊ ಪೆಟ್ರೋಲ್ ಕಾರುಗಳು ಘಾಟಿಯಲ್ಲಿ ಇಂಧನ ಕುಡಿಯುವುದನ್ನು ನೋಡಿದರೆ ಸ್ಟೇರಿಂಗ್ ಹೇಳುವುದಕ್ಕಿಂತ ಜೋರಾಗಿ ಪರ್ಸ್ ಮಾತನಾಡುತ್ತದೆ.

ಹೆತ್ತೂರು ತಿರುವು (ಸಕಲೇಶಪುರ):

1.5 ಲೀಟರ್ ಎಂಜಿನ್ನಿನ ವರ್ಟಸ್ ಇಟ್ಟುಕೊಂಡವನು ನಾನು. 150 ಅಶ್ವಶಕ್ತಿ, 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಶಿರಾಡಿ ಹತ್ತುವಾಗ ಟ್ಯಾಂಕರ್ ಸಾಲನ್ನು ದಾಟಲು ಜಾಗ ಸಿಕ್ಕಿದ ಕೂಡಲೇ ದಾಟಿ ಒಳಗೆ ಸೇರಿಕೊಳ್ಳಬಹುದು. ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಡಿಕ್ಕಿ 521 ಲೀಟರ್. ಮಡಚುವ ತೊಟ್ಟಿಲು, ಮಕ್ಕಳ ತಳ್ಳುಗಾಡಿ, ಊರಿಂದ ಬರುವಾಗ ಒಂದು ಮೂಟೆ ಕಾಳುಮೆಣಸು, ಎಲ್ಲ ಹಿಡಿಸಿದೆ.

ಇಷ್ಟೆಲ್ಲ ಹೊಗಳಿದ ಮೇಲೂ ನಿಮಗೆ ಬೇಡ ಎನ್ನುತ್ತೇನೆ ಅಕ್ಕ. ಕಾರಣ ಒಂದು, ಹಣ. ಸೆಪ್ಟೆಂಬರ್ 2025ರ ಜಿಎಸ್‌ಟಿ ಬದಲಾವಣೆಯಲ್ಲಿ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಶೇ 18, ಅದಕ್ಕಿಂತ ದೊಡ್ಡವಕ್ಕೆ ಶೇ 40. ವರ್ಟಸ್ ನಾಲ್ಕೂವರೆ ಮೀಟರ್. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ, ಬೆಲೆ 10 ಲಕ್ಷ ದಾಟಿದರೆ ಶೇ 17, ಜೊತೆಗೆ ಸೆಸ್. ನಿಮ್ಮ 14 ಲಕ್ಷಕ್ಕೆ 1.5 ಎಂಜಿನ್ ಸಿಗುವುದಿಲ್ಲ. ಇನ್ನೊಂದು ಕಾರಣ ಆ ದಿಬ್ಬ. ಕಂಪನಿ ಹೇಳುವ 179 ಮಿಲಿಮೀಟರ್ ಖಾಲಿ ಕಾರಿನದು. ಐದು ಜನ ಕುಳಿತು, ಡಿಕ್ಕಿ ತುಂಬಿದ ಮೇಲೆ ಉದ್ದನೆಯ ಸೆಡಾನಿನ ನಡುಭಾಗ ಎಲ್ಲಿರುತ್ತದೆ ಎಂದು ತೋಟದ ಹಾದಿಯೇ ತಿಳಿಸುತ್ತದೆ. ನಮ್ಮ ತೋಟಕ್ಕೆ ಹೋಗುವಾಗ ನಾನು ಗೇಟಿನ ಹತ್ತಿರವೇ ನಿಲ್ಲಿಸಿ ಜೀಪಿಗೆ ಹತ್ತುತ್ತೇನೆ. ಎರಡು ಮಕ್ಕಳನ್ನು ಮಳೆಯಲ್ಲಿ ಹಾಗೆ ಬದಲಾಯಿಸಲು ಆಗುತ್ತದೆಯೇ?

ಗ್ಯಾರೇಜ್ ಅಣ್ಣ (ಹಾಸನ):

ಹಾಸನದಲ್ಲಿ ಗ್ಯಾರೇಜ್ ನಡೆಸುತ್ತಿದ್ದೆ, ಈಗ ಮಗ ನೋಡಿಕೊಳ್ಳುತ್ತಾನೆ. ಶಿರಾಡಿ, ಚಾರ್ಮಾಡಿ ಹತ್ತಿ ಇಳಿದು ಬಂದ ಕಾರುಗಳೇ ನಮಗೆ ಅನ್ನ ಹಾಕಿದ್ದು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬ ಜಾಹೀರಾತಿನ ಲೆಕ್ಕವನ್ನು ಮರೆತುಬಿಡಿ. ಆಲ್ದೂರು ರಸ್ತೆಯಲ್ಲಿ ನೂರು ಮುಟ್ಟಲು ಜಾಗ ಎಲ್ಲಿದೆ ತಾಯಿ? ಅಲ್ಲಿ ಆಟವೆಲ್ಲ ಮೂವತ್ತರಿಂದ ಅರವತ್ತರೊಳಗೆ. ತಿರುವು ಮುಗಿದು ಚಕ್ರ ನೆಟ್ಟಗಾಗುವಾಗ ಗೇರ್ ಇಳಿಸದೆ ಮೂರರಲ್ಲೇ ಕಾರು ಎಳೆಯಬೇಕು. ಅದನ್ನು ಕೊಡುವುದು ಅಶ್ವಶಕ್ತಿಯಲ್ಲ, ಕೆಳಗಿನ ಸುತ್ತುಗಳಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಎಣಿಕೆ) ಸಿಗುವ ಟಾರ್ಕ್. ಒಂದು ಉದಾಹರಣೆ ನೋಡಿ. ಟರ್ಬೊ ಇಲ್ಲದ ಹೋಂಡಾ ಸಿಟಿಯ 1.5 ಎಂಜಿನ್, ನಿಮ್ಮ ಐ20 ಎನ್ ಲೈನಿನ 1.0 ಟರ್ಬೊ, ಎರಡರ ಶಕ್ತಿಯೂ ಹೆಚ್ಚುಕಡಿಮೆ 120. ಆದರೆ ಸಿಟಿ ತನ್ನ ಪೂರ್ಣ 145 ಎನ್‌ಎಂ ಕೊಡುವುದು 4300 ಸುತ್ತು ಮುಟ್ಟಿಸಿದಾಗ. ಐ20 1500 ಸುತ್ತಿಗೇ 172 ಎನ್‌ಎಂ ಕೊಟ್ಟು ಕೂತಿರುತ್ತದೆ. ಇದರ ಮೇಲೆ ಎತ್ತರದ ಪ್ರಶ್ನೆ: ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಗಾಳಿ ತೆಳುವಾದಷ್ಟೂ ಟರ್ಬೊ ಇಲ್ಲದ ಎಂಜಿನ್ನಿನ ಉಸಿರು ಕಡಿಮೆ. ಸಾವಿರ ಮೀಟರಿಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ಹೋಯಿತೆಂದೇ ಇಟ್ಟುಕೊಳ್ಳಿ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ಹಳೆಯ ಕಾರು ಕಣದ ಏರಿನಲ್ಲಿ ಒದ್ದಾಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ.

ಟರ್ಬೊ ಘಾಟಿಯಲ್ಲಿ ಕುಡಿಯುತ್ತದೆ ಎಂದ ಅರಸೀಕೆರೆಯವರ ಮಾತು ಸುಳ್ಳಲ್ಲ. ಖುಷಿಯಾಗಿ ಓಡಿಸಿದರೆ ಲೀಟರಿಗೆ ಹತ್ತು ಹನ್ನೊಂದಕ್ಕೆ ಸಿದ್ಧರಾಗಿರಿ. ಬೇಲೂರು ರಸ್ತೆಯ ನೆಟ್ಟಗಿನ ಓಟದಲ್ಲಿ ಅಷ್ಟು ಕೆಟ್ಟದಿಲ್ಲ.

ಆಟೊಮ್ಯಾಟಿಕ್ ಬೇಕೆನಿಸಿದರೆ ಯಾವ ಬಗೆ ಎಂದು ಕೇಳಿ ತಿಳಿದುಕೊಳ್ಳಿ. ಒಣ ಡ್ಯುಯಲ್ ಕ್ಲಚ್ (ಎಣ್ಣೆಯಲ್ಲಿ ಮುಳುಗದ ಎರಡು ಕ್ಲಚ್ಚು) ಇರುವ ಗೇರ್ ಪೆಟ್ಟಿಗೆ ತೆರೆದ ರಸ್ತೆಯಲ್ಲಿ ಬಹಳ ಚುರುಕು. ಆದರೆ ರಜಾದಿನ ಕೈಮರದ ಚೆಕ್‌ಪೋಸ್ಟಿನಿಂದ ಮುಳ್ಳಯ್ಯನಗಿರಿಯವರೆಗೆ ಕಾರುಗಳು ಸಾಲುಗಟ್ಟಿದಾಗ, ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೇ ಗಾಡಿ ನಿಲ್ಲಿಸಿಕೊಂಡು ಇಂಚಿಂಚು ತೆವಳಿದರೆ ಕ್ಲಚ್ ಬಿಸಿಯೇರುತ್ತದೆ, ಎಚ್ಚರಿಕೆ ದೀಪ ಬರುತ್ತದೆ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಬಗೆ ಅದನ್ನು ಸಹಿಸಿಕೊಳ್ಳುತ್ತದೆ. ನೀವು ಓಡಿಸುವ ಆಸೆಯವರು, ಮ್ಯಾನುಯಲ್ ತೆಗೆದುಕೊಂಡರೆ ಹಣವೂ ಉಳಿಯಿತು, ಇಳಿಜಾರಿನಲ್ಲಿ ಗೇರೂ ನಿಮ್ಮ ಕೈಯಲ್ಲಿ. ಚಾರ್ಮಾಡಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಕೆಳಗೆ ಬಂದು ಚಕ್ರದಿಂದ ಸುಟ್ಟ ವಾಸನೆ ಎಂದು ಗಾಬರಿಯಾಗುವವರೆಲ್ಲ ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದವರು.

ಈಗ ಕಾರಿಗೆ ಬರುತ್ತೇನೆ. ಪೊಲೊ 2022ರಲ್ಲಿ ನಿಂತಿತು. ಓಡಿಸಲು ಚಿನ್ನ, ಹಿಂದಿನ ಸೀಟು ಎಂಬುದು ಹೆಸರಿಗೆ. ನಿಮ್ಮ ಮನೆಗೆ ಅದು ಎರಡನೇ ಕಾರಾಗಿ ಮಾತ್ರ. ಎನ್ ಲೈನ್ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ, ಗಟ್ಟಿಯಾಗಿ ಕೂರುವ ಕಾರು. ಆದರೆ ಕ್ಲಿಯರೆನ್ಸ್ 170ರ ಆಸುಪಾಸು, ನಿಮ್ಮ ದಿಬ್ಬಕ್ಕೆ ಮತ್ತೆ ಅದೇ ರಾಗ. ಎಸ್‌ಯುವಿ ಬೇಡವೆಂಬ ನಿಮ್ಮ ಹಟಕ್ಕೆ ಅಡ್ಡ ಬರುತ್ತೇನೆ, ಕ್ಷಮಿಸಿ: ಸ್ಕೋಡಾ ಕೈಲಾಕ್ ನೋಡಿ. ವರ್ಟಸ್ ನೆಲೆಗಟ್ಟಿನ ತುಂಡು ರೂಪ ಅದು. 1.0 ಟರ್ಬೊ, 115 ಅಶ್ವಶಕ್ತಿ, 178 ಎನ್‌ಎಂ. ಕ್ಲಿಯರೆನ್ಸ್ 189, ಡಿಕ್ಕಿ 446 ಲೀಟರ್, ಉದ್ದ ನಾಲ್ಕು ಮೀಟರ್ ಒಳಗೆ, ಆದ್ದರಿಂದ ತೆರಿಗೆ ಶೇ 18ರದ್ದು. ಅಪಘಾತದಲ್ಲಿ ಕಾರು ಎಷ್ಟು ಕಾಪಾಡುತ್ತದೆ ಎಂದು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೂ ಮಕ್ಕಳದ್ದಕ್ಕೂ ಐದು ನಕ್ಷತ್ರ. ಅದರ ಪಕ್ಕದಲ್ಲೇ ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ಇಟ್ಟು ನೋಡಿ: ಮೇಲಿನ ಎಂಜಿನ್ನಿನಲ್ಲಿ ಶಕ್ತಿ ಹೆಚ್ಚು, ಹಿಂದಿನ ಸೀಟು ಅಗಲ, ಐದು ನಕ್ಷತ್ರ ಅದಕ್ಕೂ ಇದೆ, ಡಿಕ್ಕಿ ಚಿಕ್ಕದು. ತಿರುವಿನಲ್ಲಿ ನನಗೆ ಕೈಲಾಕ್ ಮೈ ವಾಲುವುದು ಕಡಿಮೆ ಎನಿಸಿತು. ಮಗಳ ಹೊಟ್ಟೆಗೂ ಅದೇ ಮುಖ್ಯ.

ಅವಳಿ ಮಕ್ಕಳ ತಾಯಿ (ಹಾಸನ):

ಗಂಡಸರೆಲ್ಲ ಟಾರ್ಕ್ ಹೇಳಿ ಮುಗಿಸಿದ್ದಾರೆ. ಕೂರುವವರ ವಿಷಯ ನಾನು ಹೇಳುತ್ತೇನೆ.

ನಿಮ್ಮ ಮಗನಿಗೆ ಎಂಟು ತಿಂಗಳು. ಅಂದರೆ ಹಿಂದಕ್ಕೆ ಮುಖ ಮಾಡುವ ಸೀಟು. ಯುರೋಪಿನ ಈಗಿನ ನಿಯಮದಲ್ಲಿ 15 ತಿಂಗಳಾಗುವವರೆಗೆ ಅದು ಕಡ್ಡಾಯ, ಆಮೇಲೂ ಆದಷ್ಟು ದಿನ ಹಾಗೇ ಕೂರಿಸುವುದು ಒಳ್ಳೆಯದು. ಆ ಸೀಟು ಮುಂದಿನ ಸೀಟಿನ ಬೆನ್ನಿಗೆ ಬಂದು ಒತ್ತುತ್ತದೆ. ಮಾವನವರ ಹಿಂದೆ ಅದನ್ನು ಕಟ್ಟಿದರೆ ಅವರ ಮೊಣಕಾಲು ಡ್ಯಾಷ್‌ಬೋರ್ಡಿಗೆ ತಾಗುತ್ತದೆ. ನೀವು ಎಷ್ಟು ಎತ್ತರ? ಕುಳ್ಳಗಿದ್ದರೆ ನಿಮ್ಮ ಸೀಟು ಹೇಗೂ ಮುಂದಿರುತ್ತದೆ, ಮಗನನ್ನು ನಿಮ್ಮ ಹಿಂದೆಯೇ ಕಟ್ಟಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಆ ಕುರ್ಚಿಯನ್ನು ಎಂದೂ ತರಬೇಡಿ.

ಎರಡು ಸೀಟು ಐಸೊಫಿಕ್ಸ್ ಕೊಂಡಿಗೆ (ಮಕ್ಕಳ ಸೀಟನ್ನು ನೇರ ಕಾರಿಗೇ ಬಿಗಿಯುವ ಕೊಂಡಿ) ಸಿಕ್ಕಿದ ಮೇಲೆ ನಡುವೆ ಉಳಿಯುವ ಜಾಗದಲ್ಲಿ ನಿಮ್ಮವರು ಕೂರಬೇಕಲ್ಲ? ಈ ಅಳತೆಯ ಯಾವ ಕಾರಿನಲ್ಲೂ ಅದು ಆರಾಮದ ಮಾತಲ್ಲ. ಆದ್ದರಿಂದ ಷೋರೂಮಿಗೆ ಹೋಗುವಾಗ ಎರಡೂ ಸೀಟು, ಮಾವ, ಯಜಮಾನರು, ಎಲ್ಲರನ್ನೂ ಕರೆದುಕೊಂಡು ಹೋಗಿ, ಸೀಟು ಕಟ್ಟಿಸಿಯೇ ನೋಡಿ. ಸೇಲ್ಸ್ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ. ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತೇವೆ ಎಂಬ ಮಾತು ಬೇಡ; ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಹಾಗಿರಲಿ, ಬ್ರೇಕ್ ಹಾಕಿದಾಗ ಯಾವ ತಾಯಿಯ ಕೈಯೂ ತಡೆಯುವುದಿಲ್ಲ.

ಇನ್ನು ವಾಂತಿ. ಸ್ಪೋರ್ಟಿ ಕಾರುಗಳ ಚೆಲುವೆಲ್ಲ ಹಿಂದಕ್ಕೆ ಏರುತ್ತಾ ಹೋಗುವ ಕಿಟಕಿಯ ಗೆರೆಯಲ್ಲಿದೆ. ಹೊರಗಿನಿಂದ ಅಂದ, ಒಳಗೆ ಕುಳಿತ ಮೂರು ವರ್ಷದವಳಿಗೆ ಕಾಣುವುದು ಕರಿಯ ಪ್ಲಾಸ್ಟಿಕ್. ಕಣ್ಣಿಗೆ ರಸ್ತೆ ಕಾಣದೆ ಕಿವಿಗೆ ತಿರುವು ಗೊತ್ತಾದರೆ ಹೊಟ್ಟೆ ತೊಳಸುತ್ತದೆ. ಮಗಳ ಸೀಟಿನಲ್ಲಿ ಅವಳ ತಲೆಯ ಮಟ್ಟಕ್ಕೆ ನಿಮ್ಮ ತಲೆ ತಗ್ಗಿಸಿ ಹೊರಗೆ ನೋಡಿ, ಮುಂದಿನ ಗಾಜಿನಲ್ಲಿ ರಸ್ತೆ ಕಾಣುತ್ತದೆಯೇ ಎಂದು. ನಾವು ಒಂದು ಕಾರನ್ನು ಬಿಟ್ಟಿದ್ದು ಇದೇ ಕಾರಣಕ್ಕೆ.

ಬೇಲೂರು ದಾರಿಯವಳು:

ಕಿಟಕಿಯ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಐದು ಅಡಿ ಒಂದು ಇಂಚು, ಆದ್ದರಿಂದ ಮಗನನ್ನು ನನ್ನ ಹಿಂದೆ ಕಟ್ಟುವ ಸಲಹೆ ಸರಿಯಾಗಿ ಕೂತಿತು. ಎನ್ ಲೈನಿನಲ್ಲಿ ಮಗಳನ್ನು ಕೂರಿಸಿ "ಹೊರಗೆ ಏನು ಕಾಣುತ್ತದೆ" ಎಂದೆ. "ಆಕಾಶ" ಎಂದಳು. ಚೆಲುವಾದ ಉತ್ತರ, ಕಾರಿಗೆ ಕುತ್ತು. ಎದೆ ಕಲ್ಲು ಮಾಡಿಕೊಂಡು ಆಚೆ ಬಂದೆ. ಅದರ ಎಕ್ಸಾಸ್ಟ್ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

3ಎಕ್ಸ್‌ಒದಲ್ಲಿ ಎರಡು ಸೀಟಿನ ನಡುವೆ ನಮ್ಮವರು ಭುಜ ಓರೆ ಮಾಡಿಕೊಂಡು ಹೇಗೋ ಕುಳಿತರು. ಕೈಲಾಕಿನಲ್ಲಿ ಕುಳಿತೂ ಕೂರದ ಸ್ಥಿತಿ. "ನಾನು ಬೈಕಿನಲ್ಲಿ ಬರುತ್ತೇನೆ ಬಿಡು" ಎಂದರು. ಅವರ ಮುಖದಲ್ಲಿ ಬಿಡುಗಡೆಯ ಸಂತೋಷ ಕಂಡದ್ದು ನನ್ನ ಭ್ರಮೆ ಇರಲಾರದು. ಓಡಿಸುವಾಗ ಕೈಲಾಕ್ ಸ್ಟೇರಿಂಗ್ ಹಗುರವಾದರೂ ತಿರುಗಿಸಿದಲ್ಲಿಗೆ ಮೂಗು ತಿರುಗುತ್ತದೆ, ಗುಂಡಿಗೆ ಬಿದ್ದರೆ ಒಮ್ಮೆ ದಡ್ ಎಂದು ಸುಮ್ಮನಾಗುತ್ತದೆ, ತೂಗಾಡುವುದಿಲ್ಲ. ಒಂದೇ ಸಂಶಯ, 1500 ಸುತ್ತಿನ ಕೆಳಗೆ ಎಂಜಿನ್ ಸ್ವಲ್ಪ ನಿದ್ದೆ ಹೊಡೆದಂತಿತ್ತು. ಗ್ಯಾರೇಜ್ ಅಣ್ಣ, ತೋಟದ ಏರಿನಲ್ಲಿ ಇದು ತೊಂದರೆಯೇ? ಮೇಲಿನ ಆವೃತ್ತಿಯ 17 ಇಂಚಿನ ಚಕ್ರ ತೆಗೆದುಕೊಳ್ಳಲೇ? ನೋಡಲು ಬಹಳ ಚೆನ್ನಾಗಿದೆ.

ಗ್ಯಾರೇಜ್ ಅಣ್ಣ:

ಮೂರು ಸಿಲಿಂಡರಿನ ಚಿಕ್ಕ ಟರ್ಬೊ ಎಲ್ಲವೂ ಹಾಗೇ ತಾಯಿ, ಟರ್ಬೊ ಎಚ್ಚರಗೊಳ್ಳುವವರೆಗೆ ಅದು ಬರೀ ಒಂದು ಲೀಟರ್ ಎಂಜಿನ್. ಏರು ಶುರುವಾಗುವ ಮುಂಚೆಯೇ ಎರಡನೇ ಗೇರಿಗೆ ಬನ್ನಿ, ಸುತ್ತು ಎರಡು ಸಾವಿರದ ಕೆಳಗೆ ಬೀಳಲು ಬಿಡಬೇಡಿ. ನಡು ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಂತರೆ ಮಾತ್ರ ನನ್ನ ಮಗನಿಗೆ ಕೆಲಸ ಸಿಗುತ್ತದೆ. ಎಂಜಿನ್ ಆಯಿಲ್ ಕಂಪನಿ ಹೇಳಿದ ದರ್ಜೆಯದ್ದೇ ಹಾಕಿಸಿ, ಅವಧಿ ಮೀರಿಸಬೇಡಿ. ಟರ್ಬೊದ ಬೇರಿಂಗ್ ನಿಂತಿರುವುದೇ ಅದರ ಮೇಲೆ.

17 ಇಂಚು ಬೇಡ, 16 ಸಾಕು. ದೊಡ್ಡ ರಿಮ್ಮಿಗೆ ಟೈರಿನ ಪಕ್ಕದ ಗೋಡೆ ಗಿಡ್ಡ. ತೋಟದ ಹಳ್ಳದಲ್ಲಿ ಅಡಗಿದ ಕಲ್ಲು, ಟಾರಿನ ಒಡೆದ ಅಂಚು, ಇವು ಕಚ್ಚುವುದು ಆ ಗೋಡೆಗೇ, ಮತ್ತು ಗೋಡೆ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರೇ ಹೊಸದು. ಬುಕ್ ಮಾಡುವ ಮೊದಲು ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ಯಾವ ಅಳತೆಯದೆಂದು ನೋಡಿ. ಉಳಿದ ಚಕ್ರಕ್ಕಿಂತ ಚಿಕ್ಕದಿದ್ದರೆ ಗಂಟೆಗೆ 80 ಕಿಲೋಮೀಟರ್ ಮೀರಬಾರದೆಂದು ಅದರ ಮೇಲೇ ಬರೆದಿರುತ್ತಾರೆ. ಹತ್ತಿರದ ಸರ್ವಿಸ್ ಕೇಂದ್ರ ಎಷ್ಟು ದೂರ, ಮಳೆಗಾಲದಲ್ಲಿ ಕೆಟ್ಟು ನಿಂತರೆ ಎಳೆದೊಯ್ಯಲು ಆಲ್ದೂರಿನಾಚೆಗೂ ಬರುತ್ತಾರೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ.