ಸಹಾಯ ಬೇಕು: ರೇಡಿಯೊ ಡೇಟಾದಲ್ಲಿ ಅರ್ಧ ಗಂಟೆಯ ಏರಿಳಿತ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಡೇಟಾ ಮೇಲೆ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಕೆಲವು ಗ್ಯಾಲಕ್ಸಿಗಳ ನಡುವಿನಿಂದ ಎಕ್ಸ್-ರೇ ಕೆಲವು ಗಂಟೆಗಳಿಗೊಮ್ಮೆ ಭುಗಿಲೇಳುತ್ತದೆ. ಮೊದಲು ಗೊತ್ತಾಗಿದ್ದು ಜಿಎಸ್‌ಎನ್ 069ರಲ್ಲಿ. 2019ರಲ್ಲಿ ಪ್ರಕಟವಾದ ಆ ಅವಲೋಕನದಲ್ಲಿ ಸುಮಾರು 9 ಗಂಟೆಗೊಮ್ಮೆ ಬರುತ್ತಿತ್ತು. ರೇಡಿಯೊದಲ್ಲೂ ಇಂಥ ತಾಳ ಇದೆಯಾ ಅನ್ನುವುದು ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ.

ನಾನು ನೋಡುತ್ತಿರುವುದು ಇದೇ ಬಗೆಯ ಆರ್‌ಎಕ್ಸ್ ಜೆ1301.9+2747 ಅನ್ನುವ ಗ್ಯಾಲಕ್ಸಿ. ಪುಣೆ ಹತ್ತಿರದ ಜಿಎಂಆರ್‌ಟಿಗೆ ಇದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ, ಅದು ಅನುಕೂಲ. ಆದರೆ 8 ಗಂಟೆಯ ಡೇಟಾವನ್ನು ಅರ್ಧರ್ಧ ಗಂಟೆಯ 16 ತುಂಡು ಮಾಡಿದರೆ ಪ್ರತಿ ಚಿತ್ರದಲ್ಲೂ ನಾಯ್ಸ್ 4 ಪಟ್ಟು ಜಾಸ್ತಿ. ಮೂಲವೋ (ಅಂದರೆ ರೇಡಿಯೊದಲ್ಲಿ ಈ ಗ್ಯಾಲಕ್ಸಿ) ಮೊದಲೇ ಮಂಕು. ಜೊತೆಗೆ ಅದೇ ದಿಕ್ಕಿನಲ್ಲಿ ಕೋಮಾ ಗ್ಯಾಲಕ್ಸಿ ಗುಂಪಿನ ಜೋರಾದ ಮೂಲಗಳಿವೆ. ಭೂಮಿ ತಿರುಗಿದಂತೆ ಅವುಗಳ ಸೈಡ್‌ಲೋಬ್ (ಚಿತ್ರದಲ್ಲಿ ಜೋರಾದ ಮೂಲದ ಸುತ್ತ ಹರಡುವ ಹುಸಿ ಗುರುತುಗಳು) ಜರುಗಿ, ಇಲ್ಲದ ಏರಿಳಿತ ಇದ್ದಂತೆ ಕಾಣುತ್ತದೆ.

ಸುತ್ತಲಿನ ಮೂಲಗಳನ್ನು ಕಾಸಾ (ರೇಡಿಯೊ ಡೇಟಾ ಸಂಸ್ಕರಿಸುವ ಸಾಫ್ಟ್‌ವೇರ್) ಒಳಗಿನ ಯುವಿಸಬ್‌ನಲ್ಲಿ ಕಳೆದರೆ ಸಾಕಾ, ಅಥವಾ ದಿಕ್ಕಿಗೆ ತಕ್ಕ ಕ್ಯಾಲಿಬ್ರೇಶನ್ (ಆಕಾಶದ ಒಂದೊಂದು ದಿಕ್ಕಿಗೂ ಬೇರೆಬೇರೆ ತಿದ್ದುಪಡಿ) ಬೇಕೇಬೇಕಾ? ಹೋಲಿಕೆಗೆ ಪಕ್ಕದ ಸ್ಥಿರ ಮೂಲವೊಂದನ್ನೂ ಹೀಗೇ ಅಳೆಯುತ್ತಿದ್ದೇನೆ. ಅದೂ ಅಲುಗಾಡಿದರೆ ಆ ತುಂಡನ್ನು ಪೂರ್ತಿ ಬಿಡಬೇಕಾ? ಏನೂ ಬದಲಾಗಿಲ್ಲ ಅಂತ ಬಂದರೂ ಅದು ಬೆಲೆಯುಳ್ಳ ಉತ್ತರವೇ, ಆದರೆ ಅದನ್ನು ನಂಬುವಂತಿರಬೇಕು ಅಲ್ವಾ.

ಸ್ಕ್ರಿಪ್ಟ್ ಇದ್ದವರು ದಯವಿಟ್ಟು ಹಂಚಿಕೊಳ್ಳಿ.